ಕತ್ತರಿ ಹಚ್ಚಬಾರದ ತಗಡು

ನನ್ನ ಅವ್ವ ಊರ ಮುಂದೆ ಒಂದು ಮಾತು ಕೊಟ್ಟುಬಿಟ್ಟಳು. ಕೊಟ್ಟವಳು ಅವಳು, ನಡೆಸಬೇಕಾದವನು ನಾನು. "ನನ್ನ ಮಗ ದೊಡ್ಡ ಸಾಲಿ ಕಲ್ತಾನ. ಬೀರಪ್ಪನ ಗುಡಿ ಮ್ಯಾಲೆ ತನ್ನ ಕೈಯಾರೆ ಗುಮ್ಮಟ ಕೂಡಸ್ತಾನ" ಅಂತ ಗುಡಿಕಟ್ಟೆಯ ಮೇಲೆ ಕೂತ ಹಿರಿಯರಿಗೆ ಹೇಳಿ, ಭಂಡಾರ ಮುಟ್ಟಿ ಮನೆಗೆ ಬಂದಿದ್ದಳು. ಭಂಡಾರವೆಂದರೆ ದೇವರ ಅರಿಸಿನಪುಡಿ. ಅದನ್ನು ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಗುಮ್ಮಟ ಎಂಬ ಶಬ್ದವನ್ನು ಅವಳ ಬಾಯಿಗೆ ಹಾಕಿದವನು ಮಾತ್ರ ನಾನೇ. ವಿಜಾಪುರಕ್ಕೆ ಹೋಗಿ ಬಂದ ಮೇಲೆ, ಊಟಕ್ಕೆ ಕೂತಾಗ, ಅಲ್ಲಿಯ ಗುಮ್ಮಟವನ್ನು ಕೈಯಲ್ಲಿ ಬರೆದು ತೋರಿಸುತ್ತಾ, "ನಮ್ಮ ಬೀರಪ್ಪಗೂ ಇಂಥಾದೊಂದು ತಗಡಿನ್ಯಾಗ ಮಾಡಿಬಿಡ್ತೇನಿ, ಅದೇನು ಮಹಾ" ಅಂದಿದ್ದೆ. ಉಂಡ ಹೊಟ್ಟೆಯ ಮಾತು. ಅವ್ವ ಅದನ್ನು ಗಂಟು ಹಾಕಿ ಇಟ್ಟುಕೊಂಡಳು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮೂರು ಕಮತಗಿಯಿಂದ ಒಳಗೆ ನಡೆದು ಹೋಗಬೇಕಾದ ಸಣ್ಣ ಹಳ್ಳಿ. ಅಪ್ಪ ವರ್ಷದ ಎಂಟು ತಿಂಗಳು ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ. ಹೊಲ, ಮನೆ, ದೇವರು ಮೂರನ್ನೂ ನೋಡಿಕೊಳ್ಳುವವಳು ಅವ್ವ. ದೇವರ ಗುಡಿಯೆಂದರೆ ನಾಲ್ಕು ಕಲ್ಲುಗಂಬ, ಮೂರು ಗೋಡೆ, ಮೇಲೆ ಹಾಸುಗಲ್ಲು. ದೇವರ ನೆತ್ತಿಯ ಮೇಲೆ ಮೊದಲು ಇಟ್ಟಿಗೆಯ ಸಣ್ಣ ಶಿಖರವಿತ್ತಂತೆ. ನಾನು ಹುಟ್ಟುವ ಮೊದಲೇ ಅದು ಕುಸಿದು, ಎರಡೂವರೆ ಫೂಟು ಎತ್ತರದ ದುಂಡನೆಯ ಸುತ್ತುಗೋಡೆಯೊಂದು ಬಾಯಿ ತೆರೆದುಕೊಂಡು ಉಳಿದಿತ್ತು. ಅಡ್ಡಗಲ ಮೂರೂವರೆ ಫೂಟು. ಬಂದ ಮಳೆಯೆಲ್ಲ ನೆಟ್ಟಗೆ ಬೀರಪ್ಪನ ತಲೆಯ ಮೇಲೆ.

ಮೋಡ ಕಟ್ಟಿದರೆ ಅವ್ವ ಎಲ್ಲಿದ್ದರೂ ಗುಡಿಗೆ ಓಡಿ, ತನ್ನ ಕರಿಕಂಬಳಿಯನ್ನು ದೇವರಿಗೆ ಹೊದಿಸಿ, ತಾನು ತೊಯ್ದು ತೊಪ್ಪೆಯಾಗಿ ಮನೆಗೆ ಬರುತ್ತಿದ್ದಳು. ಅದಕ್ಕೊಂದು ಹಿನ್ನೆಲೆ ಉಂಟು. ನಾನು ಡಿಪ್ಲೊಮಾ ಓದುವಾಗ ಡ್ರಾಯಿಂಗ್ ಪೇಪರಿನಲ್ಲಿ ಒಮ್ಮೆ ನಪಾಸಾದೆ. ಎರಡನೆಯ ಸಲ ಬರೆಯಲು ಹೊರಟಾಗ ಅವ್ವ ಹರಕೆ ಹೊತ್ತಳು: ಮಗ ಪಾಸಾದರೆ ದೇವರ ತಲೆಯ ಮೇಲೆ ಸೂರು, ದೇವರಿಗೆ ಆ ಸೂರು ಬರುವ ತನಕ ಮಳೆಯಲ್ಲಿ ತನ್ನ ತಲೆಗೂ ಏನೂ ಬೇಡ. ನಾನು ಪಾಸಾದೆ. ಬಾಗಲಕೋಟೆಯಲ್ಲಿ ಅದೇ ಡ್ರಾಯಿಂಗನ್ನು ಕಲಿಸುವ ನೌಕರಿಯೂ ಸಿಕ್ಕಿತು. ಆಮೇಲೆ ಆರು ಮಳೆಗಾಲ ಕಳೆದವು. "ಈ ವರ್ಷ ಆಗ್ಲಿ, ಮುಂದಿನ ವರ್ಷ ಆಗ್ಲಿ" ಅನ್ನುತ್ತಲೇ ಆರು ಮಳೆಗಾಲ ನನ್ನ ಅವ್ವ ಬರಿತಲೆಯಲ್ಲಿ ತೊಯ್ದಳು. ನಡುವೆ ಒಂದು ಛತ್ರಿ ತಂದುಕೊಟ್ಟು ಪಾಪ ಕಳೆದುಕೊಳ್ಳಲು ನೋಡಿದೆ. "ಒಂದು ಕೈಯಾಗ ಇದನ್ನ ಹಿಡಕೊಂಡ್ರ ಕಸಾ ಯಾವ ಕೈಲೆ ತಗೀಲಿ?" ಅಂತ ಅದನ್ನು ಗೂಟಕ್ಕೆ ಹಾಕಿದಳು. ಅಲ್ಲೇ ಅದಕ್ಕೆ ಜೇಡ ಬಲೆ ಕಟ್ಟಿತು.

ಈಗ ನನ್ನ ನೌಕರಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಇಲ್ಲವಾದರೆ ನಾನು ಎಂಥ ಪೇಚಿಗೆ ಸಿಕ್ಕಿದೆನೆಂದು ತಿಳಿಯುವುದಿಲ್ಲ. ಡ್ರಾಯಿಂಗಿನಲ್ಲಿ 'ಡೆವಲಪ್‌ಮೆಂಟ್ ಆಫ್ ಸರ್ಫೇಸಸ್' ಎಂಬ ಪಾಠವಿದೆ. ಹುಡುಗರಿಗೆ ನಾನು ಅದನ್ನು 'ಬಿಚ್ಚಿ ಹಾಸೋ ಪಾಠ' ಅಂತಲೇ ಹೇಳುತ್ತಿದ್ದೆ. ಕೆಲವು ಆಕಾರಗಳನ್ನು ಒಂದು ಕಡೆ ಸೀಳಿ ಬಿಚ್ಚಿದರೆ ನೆಲದ ಮೇಲೆ ಸಪಾಟಾಗಿ ಮಲಗುತ್ತವೆ. ಎಲ್ಲಿಯೂ ಹಿಗ್ಗಿಸಬೇಕಾಗಿಲ್ಲ, ಎಲ್ಲಿಯೂ ನೆರಿಗೆ ಬೀಳುವುದಿಲ್ಲ. ಕೊಳವೆ ಬಿಚ್ಚಿದರೆ ಆಯತ. ಶಂಕು ಬಿಚ್ಚಿದರೆ ಬೀಸಣಿಗೆ. ಡಬ್ಬಿ ಬಿಚ್ಚಿದರೆ ಚೌಕಗಳ ಸಾಲು. ಇದನ್ನೇ ತಿರುಗಿಸಿದರೆ, ಸಪಾಟ ಹಾಳೆಯಿಂದ ಇವೆಲ್ಲವನ್ನೂ ಬರೀ ಸುತ್ತಿ, ಮಡಚಿ ಮಾಡಬಹುದು. ಎಣ್ಣೆ ಡಬ್ಬಿ, ಸೀಮೆಎಣ್ಣೆ ಸುರಿಯುವ ಲಾಳಿಕೆ, ಕಾರ್ಖಾನೆಯ ಹೊಗೆಕೊಳವೆ, ಕಿರಾಣಿ ಅಂಗಡಿಯವ ಸಕ್ಕರೆ ಕಟ್ಟುವ ಕಾಗದದ ಪೊಟ್ಟಣ, ಅಂಗಿಯ ತೋಳು ಎಲ್ಲವೂ ಈ ಜಾತಿಯವು. ಜಗತ್ತಿನ ಅರ್ಧ ಕೆಲಸ ಈ ಒಂದು ಪಾಠದ ಮೇಲೆ ನಡೆದಿದೆ ಎಂದು ನಾನು ಪ್ರತಿವರ್ಷ ಬೋರ್ಡಿಗೆ ಬೆನ್ನು ಹಚ್ಚಿ ನಿಂತು ಹೇಳುತ್ತಿದ್ದೆ, ಹುಡುಗರು ಪ್ರತಿವರ್ಷ ಆಕಳಿಸುತ್ತಿದ್ದರು.

ಚೆಂಡು ಮಾತ್ರ ಈ ಮಾತು ಕೇಳುವುದಿಲ್ಲ. ಕಿತ್ತಳೆಯ ಸಿಪ್ಪೆಯನ್ನು ಎಷ್ಟು ನಾಜೂಕಾಗಿ ಸುಲಿದು ಟೇಬಲ್ಲಿಗೆ ಒತ್ತಿದರೂ ಅದು ಹರಿಯುತ್ತದೆ. ಕೊಡದ ಬೆನ್ನಿಗೆ ಕಾಗದ ಮುಚ್ಚಿದರೆ ನೆರಿಗೆ ಏಳುತ್ತದೆ. ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸಿದವರೂ ಎಲ್ಲೋ ಒಂದು ಕಡೆ ಸುಳ್ಳು ಬರೆಯಲೇಬೇಕಾಯಿತು. ಒಮ್ಮೆ ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ದೊಡ್ಡ ಗುಂಡುಬಂಡೆಯೊಂದನ್ನು ತೋರಿಸಿ, "ಸರ್, ಇದನ್ನೊಂದು ಬಿಚ್ಚಿ ಹಾಸ್ರಿ ನೋಡೋಣ" ಅಂತ ಒಬ್ಬ ಕಿಚಾಯಿಸಿದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗುಂಡನೆಯದು ಬಿಚ್ಚಿಕೊಳ್ಳುವುದಿಲ್ಲ ಎಂದು ಗಣಿತದವರು ಸಿದ್ಧಮಾಡಿದ್ದಾರೆ, ಯಾರಿಂದಲೂ ಆಗದು ಎಂದು ಬಿಸಿಲಿನಲ್ಲಿ ನಿಂತೇ ಹತ್ತು ನಿಮಿಷ ಪಾಠ ಮಾಡಿದೆ.

ಇಷ್ಟು ಗೊತ್ತಿದ್ದವನು ತಗಡಿನ ಗುಮ್ಮಟ ಮಾಡುತ್ತೇನೆಂದು ಹೇಗೆ ಹೇಳಿದೆ? ಅದಕ್ಕೂ ಉಪಾಯವಿತ್ತು. ತಗಡನ್ನು ಕಿತ್ತಳೆಯ ತೊಳೆಯ ಆಕಾರದಲ್ಲಿ ಹನ್ನೆರಡು ತುಂಡು ಕತ್ತರಿಸಿ, ಒಂದೊಂದನ್ನೂ ಬಾಗಿಸಿ, ಅಂಚಿಗೆ ಅಂಚು ಬೆಸೆದರೆ ದೂರದಿಂದ ನೋಡುವವರಿಗೆ ಗುಮ್ಮಟವೇ. ನಕ್ಷೆಯನ್ನೂ ಬರೆದಿಟ್ಟೆ, ಚೆಂದಾಗಿತ್ತು. ಬಾಗಲಕೋಟೆಯ ಪೇಟೆಯಲ್ಲಿ ಎಂಟು ಫೂಟು ಉದ್ದ, ನಾಲ್ಕು ಫೂಟು ಅಗಲದ ಒಳ್ಳೆಯ ತಗಡೊಂದನ್ನು ಕೊಂಡು, ಸುರುಳಿ ಸುತ್ತಿಸಿ, ಬಸ್ಸಿನ ಮೇಲೆ ಹಾಕಿಸಿದೆ. ಇಳಿಸಿಕೊಳ್ಳಲು ಅವ್ವನಿಗೆ ಹೇಳಿ ಕಳಿಸಿದೆ. ನನಗೆ ಶನಿವಾರದ ತನಕ ರಜೆ ಇರಲಿಲ್ಲ.

ಶನಿವಾರ ಸಂಜೆ ಊರಿಗೆ ಹೋಗಿ ಗುಡಿಯಲ್ಲಿ ಇಣುಕಿದರೆ ನನ್ನ ತಗಡು ದೇವರ ಮುಂದೆ ಹಾಸಿಕೊಂಡು ಮಲಗಿತ್ತು. ಅದರ ತುಂಬ ಭಂಡಾರ. ನಡುವೆ ಕಾಯಿ, ಎಲೆ, ಅಡಿಕೆ. ನಮ್ಮಲ್ಲಿ ಪೂಜೆಗೆ ಮೊದಲು ಕಂಬಳಿ ಹಾಸಿ ಗದ್ದಿಗೆ ಮಾಡುತ್ತಾರೆ, ಅದು ದೇವರು ಬಂದು ಕೂಡುವ ಜಾಗ. ಹೊಸ ತಗಡು ಬಂತೆಂಬ ಸಂಭ್ರಮದಲ್ಲಿ, "ಕಂಬಳಿ ಯಾಕ, ಇದನ್ನs ಹಾಸೂಣು, ಅವನ ತಲಿ ಮ್ಯಾಲೆ ಹೋಗೂದಲ್ಲ" ಎಂದು ಅವ್ವ ಅಂದಿದ್ದಳು. ಪೂಜೆ ಮಾಡುವ ಒಡೆಯರು ಒಪ್ಪಿ ತಗಡನ್ನೇ ಗದ್ದಿಗೆ ಮಾಡಿಬಿಟ್ಟಿದ್ದರು.

"ಆತು, ಭಾಳ ಚಲೋ ಆತು. ನಾಳೆ ಕತ್ತರಿ ತಂದು ಕೆಲಸ ಹಿಡೀತೇನ್ರಿ" ಅಂದೆ.

ಒಡೆಯರು ನನ್ನ ಮುಖ ನೋಡಿದರು. "ಕತ್ತರಿ ಯಾಕ್ರಿ ಮಾಸ್ತರ?"

"ಕತ್ತರಸಬೇಕಲ್ರಿ. ಹನ್ನೆರಡು ತುಂಡು."

"ಗದ್ದಿಗಿ ಮಾಡಿದ ಮ್ಯಾಲೆ ಅದು ದೇವರ ಕಂಬಳಿ ಆತು. ಕಂಬಳಿಗೆ ಕತ್ತರಿ ಹಚ್ಚತಾರೇನ್ರಿ ಯಾರರೆ?"

ಹಚ್ಚುವುದಿಲ್ಲ. ಅದು ನನಗೂ ಗೊತ್ತು. ನಮ್ಮ ಮನೆಯಲ್ಲಿ ಕಂಬಳಿ ಹರಿದರೆ ಹೊಲಿಯುತ್ತಾರೆ, ಜೀರ್ಣವಾದರೆ ಹಾಸುತ್ತಾರೆ, ಕತ್ತರಿಸಿದ್ದನ್ನು ನಾನು ಕಂಡಿಲ್ಲ. ಆದರೆ ಇದು ಕುರಿಯ ಉಣ್ಣೆಯಲ್ಲ, ಕಬ್ಬಿಣ! ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಅವ್ವನ ಮೇಲೆ ಹಾರಾಡಿದೆ. "ನಿನಗ ಯಾರು ಹಾಸಂದ್ರು? ಬ್ಯಾರೆ ತಗಡು ತರ್ತೇನಿ, ಇದನ್ನ ನೀವs ಹಾಸ್ಕೊಂಡು ಕುಂಡ್ರ್ರಿ" ಅಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ದೇವರಿಗೆ ಮುಟ್ಟಿಸಿದ್ದನ್ನ ಬಿಟ್ಟು ಬ್ಯಾರೆದ್ದು ತಂದ್ರ ಹರಕಿ ಮುಟ್ಟೂದಿಲ್ಲ, ತಮ್ಮಾ. ನೀ ಕಲ್ತಾವ. ಏನರೆ ದಾರಿ ತಗದs ತಗೀತಿ" ಅಂದಳು. ಅವಳ ನಂಬಿಕೆಯೇ ನನ್ನ ಮೈ ಉರಿಸಿತು.

ಒಂದು ಕಡೆ ಕತ್ತರಿಸುವಂತಿಲ್ಲ. ಇನ್ನೊಂದು ಕಡೆ, ಕತ್ತರಿಸದೆ ಸಪಾಟ ತಗಡನ್ನು ಗುಮ್ಮಟ ಮಾಡಲು ಬರುವುದೇ ಇಲ್ಲ. ಒಂದು ದೇವರ ಕಟ್ಟಳೆ, ಇನ್ನೊಂದು ಗಣಿತದ ಕಟ್ಟಳೆ. ಎರಡರಲ್ಲಿ ಯಾವುದೂ ನನ್ನ ಮಾತಿಗೆ ಬಗ್ಗುವಂಥದ್ದಲ್ಲ. ರೋಹಿಣಿ ಮಳೆಗೆ ಇನ್ನು ಹದಿನೈದು ದಿನ ಉಳಿದಿತ್ತು.

ಮರುದಿನ ಹುನಗುಂದ ದಾಟಿ ಇಳಕಲ್ಲಿಗೆ ಹೋದೆ. ಅಲ್ಲಿ ತಗಡಿನ ಕೆಲಸದ ಮುದುಕನೊಬ್ಬನಿದ್ದ. ಎಲ್ಲರೂ ಅವನನ್ನು ಚಾಚಾ ಅನ್ನುತ್ತಿದ್ದರು. ಕೊಡ, ಲಾಳಿಕೆ, ಕಂದೀಲು ರಿಪೇರಿ, ಏನು ಕೊಟ್ಟರೂ ಮಾಡುವವನು. ನಾನು ಕಾಗದದ ಮೇಲೆ ನನ್ನ ಸಂಕಟವನ್ನು ಬರೆದು ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿ, "ತಾಂಬ್ರ ಆಗಿದ್ರ ಬಡದು ಬಡದು ಉಬ್ಬಿಸ್ತಿದ್ನಿ. ಈ ತಗಡು ಬಡದ್ರ ಸೀಳತೈತಿ. ಗುಮ್ಮಟದ ಹಟ ಬಿಡ್ರಿ ಮಾಸ್ತರ" ಅಂದ.

"ಗುಮ್ಮಟ ಅಂತ ಅವ್ವ ಊರಿಗೆಲ್ಲ ಹೇಳ್ಯಾಳ, ಚಾಚಾ."

"ಹಂಗಾದ್ರ ನನಗ್ಯಾಕ ಕೇಳ್ತೀರಿ? ಅವ್ವಗs ಕೇಳ್ರಿ" ಅಂತ ಅವನು ನಕ್ಕು ಲಾಳಿಕೆಗೆ ಬೆಸುಗೆ ಹಾಕಲು ತಿರುಗಿದ. ತಮಾಷೆಗೆ ಅಂದದ್ದು. ನನಗೆ ನಗು ಬರಲಿಲ್ಲ.

ಆ ವಾರವೆಲ್ಲ ಬಾಗಲಕೋಟೆಯ ನನ್ನ ಖೋಲಿಯಲ್ಲಿ ಕಾಗದ ಹಾಳು ಮಾಡಿದೆ. ಎಂಟಕ್ಕೆ ನಾಲ್ಕರ ಪ್ರಮಾಣದಲ್ಲಿ ಹಾಳೆ ಕತ್ತರಿಸಿ ತಲೆಕೆಳಗಾದ ಪಾತ್ರೆಯ ಮೇಲೆ ಒತ್ತಿದೆ, ನೆರಿಗೆ. ತೋಯಿಸಿ ಒತ್ತಿದೆ, ಹರಿಯಿತು. ಕ್ಲಾಸಿನಲ್ಲಿ ಬೆಳಿಗ್ಗೆ ಯಾವುದು ಆಗುವುದಿಲ್ಲವೆಂದು ಹೇಳಿ ಬಂದಿದ್ದೆನೋ ಅದನ್ನೇ ಸಂಜೆ ಖೋಲಿಯಲ್ಲಿ ಕೂತು ಮಾಡಲು ನೋಡುತ್ತಿದ್ದೆ. ಹುಡುಗರು ಕಂಡಿದ್ದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತಿತ್ತು.

ಮುಂದಿನ ಶನಿವಾರ ಊರಿಗೆ ಹೋದಾಗ ನಡುದಾರಿಯಲ್ಲೇ ಅಡ್ಡಮಳೆ ಹಿಡಿಯಿತು. ಓಡುತ್ತಾ ಗುಡಿಯೊಳಗೆ ನುಗ್ಗಿದೆ. ಹಿಂದೆಯೇ ಅವ್ವ ಬಂದಳು, ಹೆಗಲ ಮೇಲೆ ಕಂಬಳಿ, ಬರಿ ತಲೆ, ಕೂದಲಿನಿಂದ ನೀರು ಸುರಿಯುತ್ತಿತ್ತು. ನನ್ನನ್ನು ನೋಡಿಯೂ ನೋಡದಂತೆ ಕಂಬಳಿ ಬಿಚ್ಚಿದಳು. ಉದ್ದನೆಯ ಅಂಚಿನ ನಟ್ಟನಡುವೆ ಹಿಡಿದಳು. ಆ ನಡುವನ್ನು ದೇವರ ನೆತ್ತಿಗೆ ಇಟ್ಟಳು. ಅಂಚಿನ ಎರಡು ಅರ್ಧವನ್ನೂ ಹಿಂದಕ್ಕೆ ತಂದು ಒಂದಕ್ಕೊಂದು ಕೂಡಿಸಿದಳು. ಮುಗಿಯಿತು, ಕೊಪ್ಪಿ. ಮಳೆಯಲ್ಲಿ ಕುರಿ ಕಾಯುವವರೆಲ್ಲ ತಲೆಗೆ ಹಾಕುವ ಕಂಬಳಿಕೊಪ್ಪಿ. ಹುಟ್ಟಿದಾಗಿನಿಂದ ನೋಡಿದ್ದೆ. ಸಣ್ಣವನಿದ್ದಾಗ ಹಾಕಿಕೊಂಡು ಕುರಿ ಹಿಂದೆ ಹೋಗಿದ್ದೆ.

ಅವತ್ತು ಮಾತ್ರ ಬೇರೆ ಕಣ್ಣಿನಿಂದ ಕಂಡೆ. ಅದು ಶಂಕು. ಒಂದು ಆಯತ, ಎಲ್ಲಿಯೂ ಕತ್ತರಿಸಿಲ್ಲ, ಎಲ್ಲಿಯೂ ಹಿಗ್ಗಿಸಿಲ್ಲ, ಒಂದೇ ಒಂದು ಜೋಡಣೆ. ಆರು ವರ್ಷ ಬೋರ್ಡಿನ ಮೇಲೆ ಶಂಕು ಬರೆದಿದ್ದೇನೆ, ಯಾವಾಗಲೂ ಬೀಸಣಿಗೆಯ ಆಕಾರಕ್ಕೆ ಕತ್ತರಿಸಿದ ಮೇಲೆಯೇ ಸುತ್ತಿದ್ದೇನೆ. ಮೂಲೆಗಳನ್ನು ಕತ್ತರಿಸದೆ ಬಿಟ್ಟರೆ ಏನಾಗುತ್ತದೆಂದು ಪುಸ್ತಕದಲ್ಲಿ ಇರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಏನೂ ಆಗುವುದಿಲ್ಲ. ಎರಡು ಮೂಲೆ ಎಡಬಲಕ್ಕೆ ಹೆಗಲ ಮೇಲೆ ಜೋತುಬಿದ್ದು ನೀರು ಇಳಿಸುತ್ತವೆ, ಅಷ್ಟೇ.

"ಅವ್ವಾ, ಅಲ್ಲಾಡಬ್ಯಾಡ" ಅಂದೆ.

"ನಾ ಎಲ್ಲಿ ಅಲ್ಲಾಡಾಕತ್ತೇನಿ? ನಿನಗ ಏನಾತು?"

ಜೇಬಿನಲ್ಲಿದ್ದ ಬಸ್ ಟಿಕೇಟಿನ ಹಿಂದೆ ಲೆಕ್ಕ ಹಾಕಿದೆ. ಎಂಟು ಫೂಟಿನ ಅಂಚಿನ ನಡುವೆ ತುದಿ. ಅಲ್ಲಿಂದ ನಾಲ್ಕು ಫೂಟಿನ ಅರ್ಧವೃತ್ತ. ಅದನ್ನು ಸುತ್ತಿದರೆ ಬುಡದ ಅಗಲ ನಾಲ್ಕು ಫೂಟು. ಮಡಿಕೆಗೆ ಸ್ವಲ್ಪ ಹೋದರೂ ಮೂರೂವರೆ ಫೂಟಿನ ಸುತ್ತುಗೋಡೆಗೆ ಟೋಪಿಯ ಹಾಗೆ ಕೂಡುತ್ತದೆ. ಎರಡು ಮೂಲೆ ಎಡಬಲಕ್ಕೆ ಒಂದೂವರೆ ಫೂಟಿನಷ್ಟು ಇಳಿಯುತ್ತವೆ. ಯಾರೋ ಅಳತೆ ಕೊಟ್ಟು ತರಿಸಿದಂತಿತ್ತು ಆ ತಗಡು. ನಾನು ಅಲ್ಲೇ ಒಬ್ಬನೇ ನಕ್ಕೆ. ಅವ್ವ ಹಣೆ ಮುಟ್ಟಿ ನೋಡಿದಳು, ಜ್ವರ ಬಂದಿದೆಯೇನೋ ಅಂತ.

ಆದರೆ ಒಂದು ಮುಳ್ಳು ಉಳಿದೇ ಇತ್ತು. ಇದು ಗುಮ್ಮಟವಲ್ಲ. ಅವ್ವ ಭಂಡಾರ ಮುಟ್ಟಿ ಹೇಳಿದ್ದು ಗುಮ್ಮಟ. ಮರುದಿನ ಬೆಳಿಗ್ಗೆ ಗುಡಿಕಟ್ಟೆಯ ಮೇಲೆ ಒಡೆಯರು, ಹಿರಿಯರು ಕೂತಿದ್ದಾಗ, ಅವ್ವನೂ ಅಲ್ಲೇ ಇದ್ದಾಗ, ನಾನೇ ಎದ್ದು ನಿಂತು ಹೇಳಿದೆ. ಗುಮ್ಮಟ ಅಂದವ ನಾನು, ಅವ್ವ ಅಲ್ಲ. ಕತ್ತರಿಸದ ತಗಡಿನಿಂದ ಗುಮ್ಮಟ ಮಾಡಲು ನನಗೆ ಬರುವುದಿಲ್ಲ. ನನಗಷ್ಟೇ ಅಲ್ಲ, ಜಗತ್ತಿನಲ್ಲಿ ಯಾರಿಗೂ ಬರುವುದಿಲ್ಲ. ನನಗೆ ಬರುವುದು ಕೊಪ್ಪಿ. ಕ್ಲಾಸಿನಲ್ಲಿ 'ಆಗುವುದಿಲ್ಲ' ಅನ್ನುವುದು ಎಷ್ಟು ಸುಲಭ!

ಹಿರಿಯನೊಬ್ಬ ಮೀಸೆಯಲ್ಲೇ ನಕ್ಕ. "ಅಷ್ಟು ಸಾಲಿ ಕಲ್ತು ಕಡೀಕ ಕೊಪ್ಪಿ ಮಾಡ್ತೀಯೇನೊ? ಅದನ್ನ ನಮ್ಮ ಮನಿ ಹುಡುಗೋರೂ ಮಾಡ್ತಾವ."

ನಾನು ಅವ್ವನ ಮುಖ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ. ಅವಳ ದನಿ ಮಾತ್ರ ಕೇಳಿಸಿತು.

"ಗುಮ್ಮಟ ಬಾದಶಹಾಗ ಒಪ್ಪತೈತ್ರಿ. ನಮ್ಮ ಬೀರಪ್ಪ ಕುರಿ ಕಾಯಾವ. ಕುರಿ ಕಾಯಾವ ಮಳ್ಯಾಗ ಏನು ಹಾಕ್ಕೋತಾನ, ನೀವs ಹೇಳ್ರಿ."

ಒಡೆಯರು ದೇವರ ಕಡೆ ಒಮ್ಮೆ ನೋಡಿ, ಭಂಡಾರ ತಂದು ನನ್ನ ಹಣೆಗೆ ಹಚ್ಚಿದರು. ಅವ್ವನ ಮೇಲೆ ನನಗೆ ಅವತ್ತು ಬಂದಷ್ಟು ಅಭಿಮಾನ ಮತ್ತೆಂದೂ ಬಂದಿಲ್ಲ.

ಹೇಳಿ ಕಳಿಸಿದ್ದಕ್ಕೆ ಚಾಚಾ ಇಳಕಲ್ಲಿನಿಂದ ಬಸ್ಸಿನಲ್ಲಿ ಬಂದ, ಕೈಚೀಲದಲ್ಲಿ ಒಂದು ಕಟ್ಟಿಗೆಯ ಕೊಡತಿ, ಒಂದು ಇಕ್ಕಳ, ಅಷ್ಟೇ. ವಿಷಯ ಕೇಳಿ ಅವನಿಗೆ ಖುಷಿಯೋ ಖುಷಿ. "ಅವ್ವಗ ಕೇಳ್ರಿ ಅಂದಿದ್ನೋ ಇಲ್ಲೋ?" ಅಂತ ನಾಲ್ಕು ಸಲ ಹೇಳಿದ. ತಗಡಿನ ನಡುವೆ ಗುರುತು ಹಾಕಿ, ನಾನೂ ಊರಿನ ಇಬ್ಬರೂ ಹಿಡಿದು ನಿಧಾನ ಸುತ್ತಿದೆವು. ಮೊಳೆ ಹೊಡೆಯಬಹುದೇ ಎಂದು ಅವನು ಕೇಳಿದ. ಒಡೆಯರು ಬೇಡವೆಂದರು, ಕಂಬಳಿಗೆ ಯಾರೂ ತೂತು ಹೊಡೆಯುವುದಿಲ್ಲ. "ಆತ್ರಿ" ಅಂತ ಅವನು ಅಂಚಿಗೆ ಅಂಚು ಮಡಚಿ, ಒಂದರೊಳಗೊಂದು ಸಿಗಿಸಿ, ಕೊಡತಿಯಿಂದ ಟಕಟಕ ಬಡಿದು ಕೂಡಿಸಿದ. ಎಲ್ಲರೂ ಸೇರಿ ಆ ಕೊಪ್ಪಿಯನ್ನು ಸುತ್ತುಗೋಡೆಯ ಮೇಲೆ ಏರಿಸಿದೆವು. ಗಾಳಿಗೆ ಹಾರಬಾರದಲ್ಲ, ಅದಕ್ಕೆ ಜೋತುಬಿದ್ದ ಎರಡು ಮೂಲೆಗಳ ತುದಿಯನ್ನು ಇಕ್ಕಳದಿಂದ ಸುರುಳಿ ಮಾಡಿ, ತಂತಿ ಹಾಯಿಸಿ, ಸುತ್ತುಗೋಡೆಗೆ ಬಡಿದ ಎರಡು ಗೂಟಕ್ಕೆ ಬಿಗಿದ. ನಾನು ಪುಸ್ತಕದ ಪ್ರಕಾರ ಮೊದಲು ಕತ್ತರಿಸಿ ಎಸೆಯುತ್ತಿದ್ದ ಮೂಲೆಗಳೇ ಅವು. ತುದಿಗೊಂದು ಹಿತ್ತಾಳೆಯ ತಂಬಿಗೆ ಬೋರಲು ಹಾಕಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಅವ್ವ ಚಾಚಾನಿಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿ ಇನ್ನೂ ಹಾಕ್ಕೋರಿ ಹಾಕ್ಕೋರಿ ಅಂತ ಅವನನ್ನು ಏಳಗೊಡಲಿಲ್ಲ.

ಅದಾದ ಮೇಲೆ ಎಷ್ಟೋ ವರ್ಷ ನಾನು ಆ ಪಾಠವನ್ನು ಕಲಿಸಿದೆ. ಎಂಬತ್ತರ ದಶಕದಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗರು ಹೇಳುತ್ತಾರೆ: ಮೊದಲ ದಿನ ಸರ್ ಕತ್ತರಿ ತರಲು ಬಿಡುತ್ತಿರಲಿಲ್ಲ, ಒಂದು ಹಾಳೆ ಕೊಟ್ಟು ಕೊಪ್ಪಿ ಮಾಡಿ ತೋರಿಸಿರಿ ಅನ್ನುತ್ತಿದ್ದರು ಎಂದು. ಖರೆ. ಹಳ್ಳಿಯ ಹುಡುಗರು ಒಂದೇ ಏಟಿಗೆ ಮಾಡುತ್ತಿದ್ದರು. ಆಕಳಿಕೆಯೂ ಕಡಿಮೆಯಾಗಿತ್ತು. ನಾನಿದ್ದ ಆ ಖೋಲಿಯ ಓಣಿ ಈಗ ಹಿನ್ನೀರಿನ ಕೆಳಗಿದೆ, ಅದು ಬೇರೆ ಮಾತು.

ಆ ವರ್ಷದ ರೋಹಿಣಿ ಮಳೆ ಒಂದು ಭಾನುವಾರ ಸಂಜೆ ಬಂತು. ನಾನು ಊರಲ್ಲೇ ಇದ್ದೆ. ಹನಿ ಬೀಳುತ್ತಲೇ ಗುಡಿಗೆ ಓಡಿದೆ. ಒಳಗೆ ದೇವರು ಒಣಗಿದ್ದ, ಹಚ್ಚಿದ ಭಂಡಾರವೂ ಕದಡಿರಲಿಲ್ಲ. ತಗಡಿನ ಮೇಲೆ ಮಳೆಯ ಸಪ್ಪಳ ಜೋರಾಗಿತ್ತು. ಮನೆಗೆ ಬಂದು ಬಾಗಿಲಲ್ಲಿ ನಿಂತು ಹೊಲದ ದಾರಿ ನೋಡುತ್ತಿದ್ದೆ.

ದೂರದಿಂದ ಕರಿಕೊಪ್ಪಿಯೊಂದು ಬರುತ್ತಿತ್ತು. ಕುರಿಯವರು ಯಾರೋ ಅಂದುಕೊಂಡೆ. ಹತ್ತಿರ ಬಂದ ಮೇಲೆ ಕಂಡೆ, ಅವ್ವ. ಹರಕೆ ಹೊತ್ತಂದಿನಿಂದ ಅವಳ ತಲೆಯ ಮೇಲೆ ಕೊಪ್ಪಿಯನ್ನು ನಾನು ಕಂಡೇ ಇರಲಿಲ್ಲ. ಅವಸರವಿಲ್ಲದೆ, ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಬಂದಳು. ಎರಡೂ ಹೆಗಲ ಮೇಲಿನ ಮೂಲೆಗಳಿಂದ ನೀರು ಇಳಿಯುತ್ತಿತ್ತು. ಒಳಗೆ ಅವಳ ಹಣೆಯ ಕುಂಕುಮ ಬೆಳಿಗ್ಗೆ ಹಚ್ಚಿದಂತೆಯೇ ಇತ್ತು. ಆರು ಮಳೆಗಾಲ ನೆನಪಾಗಿ ನಾಚಿಕೆಯಾಯಿತು, ಅದರ ಬೆನ್ನಿಗೇ ಹೇಳಲಾಗದ ಸಂತೋಷ.

ಅವ್ವ ಹೊಸ್ತಿಲ ಹೊರಗೆ ನಿಂತು ಕಂಬಳಿ ಕೊಡವಿದಳು. ನನ್ನ ಮುಖ ನೋಡಿ, ತಲೆಯ ಮೇಲೆ ಕೈಯಾಡಿಸಿಕೊಂಡು, "ಮುಟ್ಟಿ ನೋಡು, ಒಣಗೇ ಐತಿ" ಅಂದಳು.